ನ್ಯಾನೋ ತಂತ್ರಜ್ಞಾನ: ವಿದ್ಯಾಲಯದ ಪ್ರಯೋಗಾಲಯದಿಂದ ಉದ್ಯಮದ ಅಂಗಳಕ್ಕೆ

ಆಲ್ಕಾಪುರಿಯ ಸುತ್ತಮುತ್ತ ನೆಲೆಸಿರುವ ಕನ್ನಡಿಗರಿಗೆ ವಡೋದರದ ಕಲಾಭವನದ ಹೆಸರು ಹೊಸದಲ್ಲ. ಮೂರನೆಯ ಸಯಾಜಿರಾವ್ ಗಾಯಕವಾಡರು 1890ರಲ್ಲಿ ಸ್ಥಾಪಿಸಿದ ಈ ತಾಂತ್ರಿಕ ಶಾಲೆಯ ಮೊದಲ ಪ್ರಾಂಶುಪಾಲರು ರಸಾಯನ ವಿಜ್ಞಾನಿ ತ್ರಿಭುವನದಾಸ್ ಗಜ್ಜರ್. 1907ರಲ್ಲಿ ಅಲೆಂಬಿಕ್ ಕಂಪನಿಯನ್ನು ಕಟ್ಟಿದವರಲ್ಲಿ ಅವರೂ ಒಬ್ಬರು. ವಿದ್ಯೆಯು ಕಾರ್ಖಾನೆಗೆ ಹರಿದ ಆ ಪರಂಪರೆಯ ಇಂದಿನ ರೂಪವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಾಣಬಹುದು.

ನ್ಯಾನೋಮೀಟರ್ ಎಂದರೆ ಒಂದು ಮೀಟರಿನ ನೂರು ಕೋಟಿಯಲ್ಲಿ ಒಂದು ಪಾಲು. ನಮ್ಮ ತಲೆಗೂದಲಿನ ದಪ್ಪವೇ ಸುಮಾರು 80 ಸಾವಿರದಿಂದ 1 ಲಕ್ಷ ನ್ಯಾನೋಮೀಟರ್. ಇಷ್ಟು ಸೂಕ್ಷ್ಮವಾದ ಕೆಲಸವನ್ನು ಒಂದು ಧೂಳಿನ ಕಣವೂ ಕೆಡಿಸಬಲ್ಲದು. ಆದುದರಿಂದ ಗಾಳಿಯನ್ನು ಸತತವಾಗಿ ಸೋಸುವ 'ಕ್ಲೀನ್ ರೂಮ್' ಬೇಕು, ಕೋಟಿಗಟ್ಟಲೆ ಬೆಲೆಬಾಳುವ ಯಂತ್ರಗಳು ಬೇಕು. ಸಣ್ಣ ಉದ್ಯಮಿಯೊಬ್ಬರು ಇದಕ್ಕಾಗಿ ಬ್ಯಾಂಕಿಗೆ ಸಾಲ ಕೇಳಲು ಬಂದರೆ, ಆಧಾರವಾಗಿ ತೋರಿಸಲು ಅವರ ಬಳಿ ಇರುವುದು ಒಂದು ಆಲೋಚನೆ ಮಾತ್ರ. ವಿಶ್ವವಿದ್ಯಾಲಯದ ಕೇಂದ್ರಗಳು ನೆರವಾಗುವುದು ಇಲ್ಲಿಯೇ.

ಕೇಂದ್ರ ಸರ್ಕಾರವು 2007ರಲ್ಲಿ 1,000 ಕೋಟಿ ರೂಪಾಯಿಗಳ ನ್ಯಾನೋ ಮಿಷನ್ ಯೋಜನೆಯನ್ನು ಮಂಜೂರು ಮಾಡಿತು. 2010ರಲ್ಲಿ ವಿಜ್ಞಾನ ಸಂಸ್ಥೆಯು ತನ್ನ ನ್ಯಾನೋ ವಿಜ್ಞಾನ ಮತ್ತು ಇಂಜಿನಿಯರಿಂಗ್ ಕೇಂದ್ರವನ್ನು ಆರಂಭಿಸಿತು. ಕಂಪನಿಗಳು ಇಂತಹ ಕೇಂದ್ರಗಳಲ್ಲಿ ಶುಲ್ಕ ತೆತ್ತು ಯಂತ್ರಗಳನ್ನು ಬಳಸಬಹುದು, ಸಂಶೋಧನೆಗೆ ಹಣ ಒದಗಿಸಬಹುದು. ಪ್ರಾಧ್ಯಾಪಕರೇ ಉದ್ಯಮ ಸ್ಥಾಪಿಸುವುದೂ ಉಂಟು. ಮೈಸೂರಿನ ಎಸ್.ಜೆ.ಸಿ.ಇ.ಯಲ್ಲಿ ಓದಿದ ಪ್ರೊ. ನವಕಾಂತ ಭಟ್ಟರು ಸಹೋದ್ಯೋಗಿಯೊಡನೆ 2015ರಲ್ಲಿ ಪಾಥ್‌ಶೋಧ್ ಕಂಪನಿಯನ್ನು ಆರಂಭಿಸಿದರು. ಮಧುಮೇಹ, ರಕ್ತಹೀನತೆ ಮತ್ತು ಮೂತ್ರಪಿಂಡದ ತೊಂದರೆಗಳ ಸೂಚಕಗಳನ್ನು ಅಳೆಯುವ, ಅಂಗೈಯಲ್ಲಿ ಹಿಡಿಯಬಹುದಾದ ಉಪಕರಣವನ್ನು ಈ ಕಂಪನಿಯು ರೂಪಿಸಿತು.

ಈ ಸಹಭಾಗಿತ್ವದಲ್ಲಿ ತೊಡಕುಗಳೂ ಇವೆ. ಪ್ರಾಧ್ಯಾಪಕರಿಗೆ ಸಂಶೋಧನೆಯನ್ನು ಪ್ರಕಟಿಸುವ ಹಂಬಲ, ಕಂಪನಿಗೆ ಅದನ್ನು ಗುಟ್ಟಾಗಿಡುವ ಅಗತ್ಯ. ಪೇಟೆಂಟ್ ಯಾರದು, ಲಾಭದಲ್ಲಿ ಯಾರ ಪಾಲು ಎಷ್ಟು ಎಂಬುದನ್ನು ಮೊದಲೇ ಬರೆದಿಟ್ಟುಕೊಳ್ಳದಿದ್ದರೆ ಒಳ್ಳೆಯ ಕೆಲಸವೂ ಅರ್ಧಕ್ಕೇ ನಿಲ್ಲುತ್ತದೆ.

ನಮ್ಮ ಮಕ್ಕಳಿಗೆ ಇದರಿಂದೇನು ಎಂದು ಓದುಗರು ಕೇಳಬಹುದು. 2023ರಲ್ಲಿ ಸಾಣಂದಕ್ಕೆ ಮೈಕ್ರಾನ್ ಕಂಪನಿಯ ಘಟಕವೂ, 2024ರಲ್ಲಿ ಧೊಲೇರಾಕ್ಕೆ ಟಾಟಾ ಸಂಸ್ಥೆಯ ಚಿಪ್ ಕಾರ್ಖಾನೆಯೂ ಮಂಜೂರಾದವು. ಇಂತಹ ಕಡೆ ಪದವಿಯ ಜೊತೆಗೆ ಯಂತ್ರದ ಮುಂದೆ ನಿಂತು ಪಡೆದ ಅನುಭವಕ್ಕೂ ಬೆಲೆಯುಂಟು. ಸಾಧಾರಣ ಕಾಲೇಜುಗಳಲ್ಲಿ ಅದು ದೊರೆಯುವುದು ಕಷ್ಟ. ಈ ಕೊರತೆಯನ್ನು ನೀಗಲೆಂದೇ 2008ರಲ್ಲಿ ವಿಜ್ಞಾನ ಸಂಸ್ಥೆ ಮತ್ತು ಮುಂಬಯಿ ಐ.ಐ.ಟಿ.ಗಳಲ್ಲಿ, ಕೇಂದ್ರ ಸರ್ಕಾರದ ನೆರವಿನಿಂದ, 'ಐ.ಎನ್.ಯು.ಪಿ.' ಎಂಬ ಕಾರ್ಯಕ್ರಮ ಆರಂಭವಾಯಿತು. ದೇಶದ ಇತರ ಕಾಲೇಜುಗಳ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಅದು ತರಬೇತಿ ನೀಡಿ, ಪ್ರಯೋಗಾಲಯದ ಬಾಗಿಲು ತೆರೆಯಿತು. ಇಂಜಿನಿಯರಿಂಗ್ ಅಥವಾ ವಿಜ್ಞಾನ ಓದುತ್ತಿರುವ ಮಕ್ಕಳಿರುವ ಮನೆಗಳಲ್ಲಿ, ಇಂತಹ ಅವಕಾಶಗಳ ಬಗ್ಗೆ ಅಧ್ಯಾಪಕರನ್ನು ಒಮ್ಮೆ ವಿಚಾರಿಸುವುದು ಒಳಿತು.