ಸಿಬಿಲ್ ಸ್ಕೋರ್ ಚೆನ್ನಾಗಿದ್ದರೂ ಕ್ರೆಡಿಟ್ ಕಾರ್ಡ್ ಅರ್ಜಿ ತಿರಸ್ಕಾರ

ಒಂದು ಕಂತೂ ತಪ್ಪಿಸದೆ ಸಾಲ ತೀರಿಸಿದ, ಸಿಬಿಲ್ ಸ್ಕೋರ್ 750 ದಾಟಿದ ಅರ್ಜಿದಾರರಿಗೂ ಬ್ಯಾಂಕು ಕ್ರೆಡಿಟ್ ಕಾರ್ಡ್ ನಿರಾಕರಿಸುವುದುಂಟು. 300ರಿಂದ 900ರವರೆಗಿನ ಈ ಅಂಕ ಹಿಂದಿನ ಸಾಲಗಳ ನಡವಳಿಕೆಯನ್ನಷ್ಟೇ ತೋರಿಸುತ್ತದೆ. ಆದಾಯ ಎಷ್ಟು ಎಂಬುದು ಅದರ ಲೆಕ್ಕಕ್ಕೇ ಬರುವುದಿಲ್ಲ. ಕಾರ್ಡಿನ ಸಾಲಕ್ಕೆ ಸಾಮಾನ್ಯವಾಗಿ ಅಡಮಾನವಿಲ್ಲ. ಹಾಗಾಗಿ ಬ್ಯಾಂಕು ಆದಾಯ, ಗುರುತು, ವಿಳಾಸಗಳನ್ನು ಬೇರೆಯಾಗಿ ತೂಗುತ್ತದೆ. ತಿರಸ್ಕಾರ ಹೆಚ್ಚಾಗಿ ಹುಟ್ಟುವುದು ಅಲ್ಲಿ.

ಇದನ್ನು ಅರಿಯಲು ಕರ್ನಾಟಕದ ಕರಾವಳಿಯನ್ನು ನೋಡೋಣ. ಕುಂದಾಪುರ ತಾಲ್ಲೂಕಿನ ಬಸ್ರೂರು ವಾರಾಹಿ ನದಿಯ ದಂಡೆಯ ಹಳೆಯ ಬಂದರು. ಪೋರ್ಚುಗೀಸರು ಬಾರ್ಸೆಲೋರ್ ಎಂದು ಕರೆದ ಈ ಪೇಟೆಯ ಶಾಸನಗಳಲ್ಲಿ ನಖರ, ಹಲರು ಎಂಬ ವರ್ತಕರ ಕೂಟಗಳ ಉಲ್ಲೇಖವಿದೆ. ಹಲವು ಆಧುನಿಕ ಬ್ಯಾಂಕುಗಳಿಗೂ ಇದೇ ಕರಾವಳಿ ತವರು. ಉಡುಪಿಯಲ್ಲಿ 1925ರಲ್ಲಿ ಆರಂಭವಾದ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ತಂದಿತು. ಪಿಗ್ಮಿ ಏಜೆಂಟರು ದಿನವೂ ಅಂಗಡಿಗೆ ಬರುತ್ತಿದ್ದರು; ಯಾರ ವ್ಯಾಪಾರ ಹೇಗೆ ನಡೆಯುತ್ತಿದೆ ಎಂಬುದು ಅವರಿಗೆ ಕಣ್ಣಾರೆ ಗೊತ್ತಿರುತ್ತಿತ್ತು. ಆ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಇಂದು ಕಾರ್ಡಿನ ಅರ್ಜಿಯನ್ನು ಮೊದಲು ಜರಡಿ ಹಿಡಿಯುವುದು ದೂರದ ಕೇಂದ್ರದ ಸಾಫ್ಟ್‌ವೇರ್. ಅದಕ್ಕೆ ಕಾಣುವುದು ಕಾಗದದಲ್ಲಿ ಇರುವಷ್ಟೇ.

ಕಾಗದದಲ್ಲಿ ಈ ಭಾಗದ ದುಡಿಮೆ ಚಿಕ್ಕದಾಗಿ ಕಾಣುತ್ತದೆ. ವರ್ಷಕ್ಕೆ 30 ಲಕ್ಷ ರೂಪಾಯಿ ವಹಿವಾಟಿನ ಒಂದು ದಿನಸಿ ಅಂಗಡಿಯನ್ನು ತೆಗೆದುಕೊಳ್ಳೋಣ. ಆದಾಯ ತೆರಿಗೆ ಕಾಯ್ದೆಯ ಅಂದಾಜು ಲೆಕ್ಕದಂತೆ ನಗದು ವಹಿವಾಟಿನ ಶೇ. 8ರಷ್ಟನ್ನು ಲಾಭವೆಂದು ತೋರಿಸಿದರೆ ಸಾಕು. ಅಂದರೆ ರಿಟರ್ನ್‌ನಲ್ಲಿ ಕಾಣುವ ಆದಾಯ 2.4 ಲಕ್ಷ, ತಿಂಗಳಿಗೆ 20 ಸಾವಿರ. ವಹಿವಾಟು ಪೂರ್ತಿ ಯುಪಿಐ ಮೂಲಕ ನಡೆದರೆ ಕನಿಷ್ಠ ದರ ಶೇ. 6, ಆಗ 1.8 ಲಕ್ಷ. ತೆರಿಗೆ ಉಳಿಸಿದ ಅದೇ ಹಾಳೆ ಕಾರ್ಡಿನ ಅರ್ಜಿಯನ್ನು ಕೆಡಿಸುತ್ತದೆ. ತೆಂಗು, ಅಡಿಕೆ, ಭತ್ತದ ಕೃಷಿ ಆದಾಯಕ್ಕೆ ತೆರಿಗೆಯೇ ಇಲ್ಲದ್ದರಿಂದ ಅದನ್ನೇ ನಂಬಿದ ಎಷ್ಟೋ ಮನೆಗಳಲ್ಲಿ ರಿಟರ್ನ್ ಸಲ್ಲಿಸಿರುವುದೇ ಇಲ್ಲ. ಗಂಗೊಳ್ಳಿಯ ಮೀನುಗಾರರ ಗಳಿಕೆ ಋತುವಿಗೆ ತಕ್ಕಂತೆ ಏರಿಳಿಯುತ್ತದೆ. ತಿಂಗಳ ಸಂಬಳವನ್ನೇ ಅಳತೆಗೋಲಾಗಿಟ್ಟ ಬ್ಯಾಂಕಿಗೆ ಅದು ಅಸ್ಥಿರವಾಗಿ ತೋರುತ್ತದೆ. ದುಬೈಯಲ್ಲಿ ಹತ್ತಾರು ವರ್ಷ ಕಾರ್ಡ್ ಬಳಸಿ ಊರಿಗೆ ಮರಳಿದವರ ಸಾಲದ ಚರಿತ್ರೆ ಅಲ್ಲಿನ ಅಲ್ ಇತಿಹಾದ್ ಕ್ರೆಡಿಟ್ ಬ್ಯೂರೋದಲ್ಲಿ ಉಳಿಯುತ್ತದೆಯೇ ಹೊರತು ಇಲ್ಲಿನ ಕ್ರೆಡಿಟ್ ವರದಿಗೆ ತಾನಾಗಿ ಸೇರುವುದಿಲ್ಲ.

ಹೆಸರಿನ ತೊಡಕೂ ಸಣ್ಣದಲ್ಲ. ನಮ್ಮಲ್ಲಿ ಇನಿಷಿಯಲ್ ಇಡುವುದು ರೂಢಿ. ಶಾಲೆಯ ದಾಖಲೆಯಲ್ಲಿ ‘ಬಿ. ಸುರೇಶ’ ಎಂದಷ್ಟೇ ಇರಬಹುದು. ಪ್ಯಾನ್ ಅರ್ಜಿಯಲ್ಲಿ ಹೆಸರಿನ ಮೊದಲ ಮತ್ತು ಕೊನೆಯ ಭಾಗಕ್ಕೆ ಇನಿಷಿಯಲ್ ಬರೆಯುವಂತಿಲ್ಲವಾದ್ದರಿಂದ ಅಲ್ಲಿ ಅವರು ‘ಸುರೇಶ ಬಸ್ರೂರು’ ಆಗುತ್ತಾರೆ, ಆಧಾರ್‌ನಲ್ಲಿ ‘ಸುರೇಶ ಪೂಜಾರಿ’. ಮೂರೂ ಒಬ್ಬರೇ ಎಂದು ಊರಿಗೆ ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ. ಅರ್ಜಿಗೆ ಮೊದಲೇ ಪ್ಯಾನ್, ಆಧಾರ್, ಪಾಸ್‌ಬುಕ್ ಮೂರನ್ನೂ ಎದುರಿಗಿಟ್ಟು ಒಂದೊಂದಕ್ಷರ ಹೋಲಿಸುವುದು ಒಳ್ಳೆಯದು.

ಜಾಮೀನು ನಿಂತ ಸಾಲವೂ ವರದಿಯಲ್ಲಿ ಕಾಣಬಹುದು. ಸಾಲಗಾರ ಸರಿಯಾಗಿ ಕಟ್ಟುತ್ತಿದ್ದರೂ ಅದು ಜಾಮೀನುದಾರರ ಹೊಣೆಯೇ. ಈಗಾಗಲೇ ಇರುವ ಕಂತುಗಳು ಆದಾಯದ ದೊಡ್ಡ ಪಾಲು ನುಂಗುತ್ತಿದ್ದರೆ, ಅಥವಾ ಕಡಿಮೆ ಅವಧಿಯಲ್ಲಿ ನಾಲ್ಕಾರು ಬ್ಯಾಂಕುಗಳಿಗೆ ಅರ್ಜಿ ಹೋಗಿದ್ದರೆ, ಅದೂ ಅಡ್ಡಿಯಾಗುತ್ತದೆ. ಕೆಲವು ಪಿನ್‌ಕೋಡುಗಳಿಗೆ ಕಾರ್ಡ್ ಕೊಡುವುದೇ ಇಲ್ಲವೆಂದು ಬ್ಯಾಂಕುಗಳು ನಿರ್ಧರಿಸಿರುತ್ತವೆ. ಊರಿನ ಕಾರಣಕ್ಕೆ ಒಬ್ಬರ ಅರ್ಜಿ ಬೀಳುವುದು ಅನ್ಯಾಯ.

ಅರ್ಜಿದಾರರಿಗೆ ಸಂಬಂಧವೇ ಇಲ್ಲದ ಕಾರಣಗಳೂ ಇವೆ. ತಾಂತ್ರಿಕ ವೈಫಲ್ಯಗಳ ಕಾರಣ ರಿಸರ್ವ್ ಬ್ಯಾಂಕು 2020ರ ಡಿಸೆಂಬರ್‌ನಲ್ಲಿ ಎಚ್‌ಡಿಎಫ್‌ಸಿ ಬ್ಯಾಂಕು ಹೊಸ ಕಾರ್ಡ್ ಕೊಡುವುದನ್ನು ತಡೆಯಿತು. ಆ ತಡೆ 2021ರ ಆಗಸ್ಟ್‌ವರೆಗೆ ಇತ್ತು. ಕೋಟಕ್ ಮಹೀಂದ್ರ ಬ್ಯಾಂಕಿಗೆ 2024ರ ಏಪ್ರಿಲ್‌ನಿಂದ 2025ರ ಫೆಬ್ರವರಿವರೆಗೆ ಇಂಥದ್ದೇ ನಿರ್ಬಂಧವಿತ್ತು. 2023ರ ನವೆಂಬರ್‌ನಲ್ಲಿ ಬ್ಯಾಂಕುಗಳ ಕಾರ್ಡ್ ಸಾಲದ ಅಪಾಯ ತೂಕವನ್ನು ಶೇ. 125ರಿಂದ 150ಕ್ಕೆ ಏರಿಸಲಾಯಿತು. ಪ್ರತಿ ಕಾರ್ಡಿನ ಸಾಲಕ್ಕೂ ಬ್ಯಾಂಕು ಹೆಚ್ಚು ಬಂಡವಾಳ ತೆಗೆದಿಡಬೇಕಾದ್ದರಿಂದ ಇಂಥ ಸಾಲ ದುಬಾರಿಯಾಯಿತು.

ತಿರಸ್ಕರಿಸಿದ ಬ್ಯಾಂಕು ನಿರ್ದಿಷ್ಟ ಕಾರಣವನ್ನು ಬರಹದಲ್ಲಿ ತಿಳಿಸಬೇಕು ಎಂದು ರಿಸರ್ವ್ ಬ್ಯಾಂಕಿನ 2022ರ ಏಪ್ರಿಲ್ 21ರ ನಿರ್ದೇಶನ ಹೇಳಿತು. ‘ಬ್ಯಾಂಕಿನ ಆಂತರಿಕ ನೀತಿಯಂತೆ’ ಎಂಬ ಒಂದು ಸಾಲಿನ ಉತ್ತರಕ್ಕೆ ತಣ್ಣಗಾಗದೆ ಕಾರಣ ಕೇಳಿ ಪಡೆಯಬೇಕು. ತಿದ್ದಿಕೊಳ್ಳಲು ಬೇರೆ ದಾರಿಯಿಲ್ಲ. ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಈ ನಾಲ್ಕೂ ಸಂಸ್ಥೆಗಳು ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ತಾವೇ ವರದಿ ತರಿಸಿ ನೋಡಿದರೆ ಸ್ಕೋರ್ ಇಳಿಯುವುದಿಲ್ಲ. ವರದಿಯ ತಪ್ಪಿನ ಬಗ್ಗೆ ದೂರು ಕೊಟ್ಟು 30 ದಿನ ಕಳೆದರೂ ಇತ್ಯರ್ಥವಾಗದಿದ್ದರೆ, ಮುಂದಿನ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ನೀಡುವ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಕಾರ್ಡ್ ಕೊಟ್ಟೇ ತೀರಬೇಕೆಂದು ಬ್ಯಾಂಕನ್ನು ಒತ್ತಾಯಿಸುವ ಹಕ್ಕು ಮಾತ್ರ ಯಾರಿಗೂ ಇಲ್ಲ. ಆದಾಯದ ದಾಖಲೆ ಹೊಂದಿಸಲಾಗದವರಿಗೆ ಹಲವು ಬ್ಯಾಂಕುಗಳು ನಿಶ್ಚಿತ ಠೇವಣಿಯ ಭದ್ರತೆಯ ಮೇಲೆ ಕಾರ್ಡ್ ಕೊಡುತ್ತವೆ. ಅದರ ಮಿತಿ ಸಾಮಾನ್ಯವಾಗಿ ಠೇವಣಿಗಿಂತ ಸ್ವಲ್ಪ ಕಡಿಮೆ ಇರುತ್ತದೆ.