ಉದ್ದೀಪನ ಮದ್ದು ಪರೀಕ್ಷೆಯ ಮಾದರಿ ಬಾಟಲಿ (ಇತಿಹಾಸ)

ಉದ್ದೀಪನ ಮದ್ದು ಪರೀಕ್ಷೆಯ ಮಾದರಿ ಬಾಟಲಿ: ಕ್ರೀಡಾಪಟು ಕೊಟ್ಟ ಮೂತ್ರವನ್ನು ಪ್ರಯೋಗಾಲಯ ತಲುಪುವವರೆಗೂ, ಅಲ್ಲಿಂದ ಮುಂದೆ ವರ್ಷಗಟ್ಟಲೆ ಶೈತ್ಯಾಗಾರದಲ್ಲಿರುವಾಗಲೂ, ಗುರುತು ಬಿಡದೆ ಯಾರೂ ತೆರೆಯಲಾಗದಂತೆ ಕಾಪಾಡಲು ರೂಪಿಸಿದ ಗಾಜಿನ ಬಾಟಲಿ. ಬಾಟಲಿಗಳು ಜೋಡಿಯಾಗಿ ಬರುತ್ತವೆ. ‘ಎ’ ಬಾಟಲಿಯ ಮೂತ್ರವನ್ನು ಕೂಡಲೇ ಪರೀಕ್ಷಿಸುತ್ತಾರೆ. ‘ಎ’ಯಲ್ಲಿ ನಿಷೇಧಿತ ವಸ್ತು ಕಂಡುಬಂದು ಕ್ರೀಡಾಪಟು ಅದನ್ನು ಪ್ರಶ್ನಿಸಿದಾಗ ತೆರೆಯಲೆಂದು ‘ಬಿ’ ಬಾಟಲಿಯನ್ನು ಸೀಲು ಸಮೇತ ಇಟ್ಟಿರುತ್ತಾರೆ.

ಈ ಬಾಟಲಿಯ ಬಗೆಗಿನ ಜನಪ್ರಿಯ ಬರಹಗಳಲ್ಲಿ ಎರಡು ಗೊಂದಲಗಳು ಮತ್ತೆ ಮತ್ತೆ ಕಾಣುತ್ತವೆ. 2014ರ ಸೋಚಿ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ನಡೆದ ಮೋಸವನ್ನೂ 2018ರ ಜನವರಿಯಲ್ಲಿ ಬಯಲಾದ ತಯಾರಿಕೆಯ ದೋಷವನ್ನೂ ಒಂದೇ ಘಟನೆಯೆಂಬಂತೆ ಬೆಸೆದು ಬರೆಯುವುದು ಮೊದಲನೆಯದು. ಇವೆರಡರಲ್ಲಿ ಬಾಟಲಿಯ ನಮೂನೆಯೂ ಬೇರೆ, ತೆರೆದ ಬಗೆಯೂ ಬೇರೆ. ಸೀಲು ಸರಿಯಿದ್ದರೆ ಪರೀಕ್ಷೆಯ ಫಲಿತಾಂಶವೂ ಸರಿ ಎಂದುಕೊಳ್ಳುವುದು ಎರಡನೆಯದು. ಈ ಎರಡನೆಯ ನಂಬಿಕೆ 1990ರ ದಶಕದಲ್ಲೇ ಮುರಿದುಬಿದ್ದಿತ್ತು. ಆದರೆ ಬಹುಪಾಲು ಬರಹಗಳು 1988ರಲ್ಲಿ ಓಟಗಾರ ಬೆನ್ ಜಾನ್ಸನ್ ಉದ್ದೀಪನ ಮದ್ದು ಪರೀಕ್ಷೆಯಲ್ಲಿ ಸಿಕ್ಕಿಬಿದ್ದ ಪ್ರಕರಣದಿಂದ ನೇರವಾಗಿ ಸೋಚಿಗೆ ಜಿಗಿಯುವುದರಿಂದ ನಡುವಿನ ಈ ದಶಕ ಮರೆಯಲ್ಲೇ ಉಳಿದಿದೆ.

ಒಲಿಂಪಿಕ್ಸ್‌ನಲ್ಲಿ ಉದ್ದೀಪನ ಮದ್ದು ಪರೀಕ್ಷೆ ಶುರುವಾದದ್ದು 1968ರಲ್ಲಿ. ಸೀಲಿನ ತಂತ್ರಜ್ಞಾನ ಬೆಳೆದದ್ದು ಮಾತ್ರ ಔಷಧ ಅಂಗಡಿಯ ಕಡೆಯಿಂದ. ಬಾಟಲಿಯ ಬಾಯಿಗೆ ಅಂಟುವ ಅಲ್ಯೂಮಿನಿಯಂ ಹಾಳೆಯ ಮುಚ್ಚಿಗೆಗೆ ಅಮೆರಿಕದ ಜ್ಯಾಕ್ ಪಾಮರ್ 1960ರಲ್ಲಿ ಪೇಟೆಂಟ್ ಪಡೆದರು. ಪ್ಲಾಸ್ಟಿಕ್ ಬಾಟಲಿಯಿಂದ ದ್ರವ ಸೋರುವುದನ್ನು ತಡೆಯುವುದಷ್ಟೇ ಆಗ ಅವರ ಉದ್ದೇಶವಾಗಿತ್ತು. 1982ರ ಸೆಪ್ಟೆಂಬರ್ ಕೊನೆಯಲ್ಲಿ ಷಿಕಾಗೋ ಸುತ್ತಮುತ್ತ ಸಯನೈಡ್ ತುಂಬಿದ ಟೈಲೆನಾಲ್ ಕ್ಯಾಪ್ಸೂಲ್ ನುಂಗಿ ಏಳು ಜನ ಸತ್ತರು. ಅದೇ ನವೆಂಬರಿನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ, ಚೀಟಿಯಿಲ್ಲದೆ ಮಾರುವ ಔಷಧಿಗಳಿಗೆ ಒಡೆದರೆ ಕಣ್ಣಿಗೆ ಕಾಣುವಂಥ ಸೀಲು ಇರಲೇಬೇಕೆಂದು ನಿಯಮ ಮಾಡಿತು. ಸೋರಿಕೆ ತಡೆಯಲು ಹುಟ್ಟಿದ ಹಾಳೆ ಹೀಗೆ ಕಾವಲಿನ ಕೆಲಸಕ್ಕೂ ಬಂತು.

ಔಷಧದ ಡಬ್ಬಿಗೂ ಈ ಬಾಟಲಿಗೂ ಮೂಲದಲ್ಲೇ ಒಂದು ವ್ಯತ್ಯಾಸವಿದೆ. ಡಬ್ಬಿಯ ಸೀಲನ್ನು ಒಡೆಯುವವನು ಕೊಂಡವನೇ. ಅದು ಮೊದಲೇ ಒಡೆದಿದ್ದರೆ ಅವನಿಗೆ ತಿಳಿಯಬೇಕು, ಅಷ್ಟೇ. ಮಾದರಿ ಬಾಟಲಿಯಾದರೋ ತನ್ನನ್ನು ಮುಟ್ಟುವ ಪ್ರತಿಯೊಬ್ಬರನ್ನೂ ಶಂಕಿಸಬೇಕು. ಕ್ರೀಡಾಪಟು, ಮಾದರಿ ಪಡೆಯುವ ಅಧಿಕಾರಿ, ಸಾಗಿಸುವವರು, ಪ್ರಯೋಗಾಲಯದ ಸಿಬ್ಬಂದಿ, ಇವರಲ್ಲಿ ಯಾರಿಗೆ ಬೇಕಾದರೂ ಒಳಗಿನದನ್ನು ಬದಲಿಸುವ ಕಾರಣ ಇರಬಹುದು. ಮೇಲಾಗಿ, ಯಾವ ಯಂತ್ರದ ನೆರವೂ ಇಲ್ಲದೆ ಕ್ರೀಡಾಪಟುವೇ ಬರಿಗೈಯಲ್ಲಿ ಅದನ್ನು ಮುಚ್ಚುವಂತಿರಬೇಕು. ಬರಿಗೈಯಲ್ಲಿ ತೆರೆಯಲು ಮಾತ್ರ ಬರಬಾರದು.

1990ರ ದಶಕದ ಮೂರು ವಿವಾದಗಳು ಈ ಬೇಡಿಕೆಯನ್ನು ಮೂರು ದಿಕ್ಕಿನಿಂದ ಪರೀಕ್ಷೆಗೆ ಒಡ್ಡಿದವು. ಅಮೆರಿಕದ 400 ಮೀಟರ್ ಓಟಗಾರ ಬುಚ್ ರೆನಾಲ್ಡ್ಸ್ 1990ರ ಆಗಸ್ಟ್‌ನಲ್ಲಿ ಮಾಂಟೆ ಕಾರ್ಲೊದಲ್ಲಿ ಕೊಟ್ಟ ಮಾದರಿಯಲ್ಲಿ ನ್ಯಾಂಡ್ರೊಲೋನ್ ಇದೆಯೆಂದು ಪ್ಯಾರಿಸ್‌ನ ಪ್ರಯೋಗಾಲಯ ಹೇಳಿತು. ಪರೀಕ್ಷೆಗೊಳಗಾದ ಮೂತ್ರ ರೆನಾಲ್ಡ್ಸ್ ಅವರದೇ ಅಲ್ಲ ಎನ್ನಲು ಬಲವಾದ ಆಧಾರವಿದೆ ಎಂದು ಅಮೆರಿಕದ ಮಧ್ಯಸ್ಥಿಕೆದಾರರು ಮರುವರ್ಷ ತೀರ್ಮಾನಿಸಿದರು. ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಒಕ್ಕೂಟ ಅದನ್ನು ಒಪ್ಪಲಿಲ್ಲ. ಇಲ್ಲಿ ಜಗಳವಿದ್ದದ್ದು ಮುಚ್ಚಳದ ಬಗ್ಗೆ ಅಲ್ಲ, ಬಾಟಲಿಯ ಸಂಖ್ಯೆಗೂ ಪ್ರಯೋಗಾಲಯದ ಕಾಗದಕ್ಕೂ ಇರಬೇಕಾದ ತಾಳೆಯ ಬಗ್ಗೆ.

ಬ್ರಿಟನ್ನಿನ 800 ಮೀಟರ್ ಓಟಗಾರ್ತಿ ಡಯಾನ್ ಮೊಡಾಲ್ ಅವರ ಪ್ರಕರಣ ಇನ್ನೂ ಮಹತ್ವದ್ದು. 1994ರ ಜೂನ್‌ನಲ್ಲಿ ಲಿಸ್ಬನ್‌ನಲ್ಲಿ ಕೊಟ್ಟ ಮಾದರಿಯಲ್ಲಿ ಟೆಸ್ಟೊಸ್ಟಿರೋನ್ ಪ್ರಮಾಣ ಅಸಹಜವಾಗಿ ಏರಿತ್ತು. ಕಾಮನ್‌ವೆಲ್ತ್ ಕ್ರೀಡಾಕೂಟದಿಂದ ಅವರನ್ನು ಮನೆಗೆ ಕಳಿಸಿದರು, ನಿಷೇಧವನ್ನೂ ಹೇರಿದರು. ಮಾದರಿಯನ್ನು ಫ್ರಿಜ್‌ನಲ್ಲಿಡದೆ ಬಿಸಿಯಲ್ಲಿ ಬಿಟ್ಟಿದ್ದರಿಂದ ಬ್ಯಾಕ್ಟೀರಿಯಾ ಬೆಳೆದು ಮೂತ್ರದೊಳಗಿನ ರಾಸಾಯನಿಕಗಳೇ ಬದಲಾಗಿರಬಹುದು ಎಂಬ ವಾದ ಮೇಲ್ಮನವಿಯಲ್ಲಿ ಗೆದ್ದಿತು. 1995ರಲ್ಲಿ ಬ್ರಿಟಿಷ್ ಮೇಲ್ಮನವಿ ಸಮಿತಿ ನಿಷೇಧವನ್ನು ತೆಗೆದುಹಾಕಿತು, 1996ರಲ್ಲಿ ಅಂತರರಾಷ್ಟ್ರೀಯ ಒಕ್ಕೂಟವೂ ಒಪ್ಪಿತು. ಸೀಲನ್ನು ಯಾರೂ ಮುರಿಯದೆಯೇ ಒಬ್ಬ ನಿರಪರಾಧಿಯ ಹೆಸರು ಕೆಡಬಲ್ಲದು ಎಂದು ತೋರಿಸಿದ ಪ್ರಕರಣವಿದು. ಈ ಬಾಟಲಿಯ ಚರಿತ್ರೆಯಲ್ಲಿ ಇದಕ್ಕೆ ಸಿಗಬೇಕಾದ ಜಾಗ ಇನ್ನೂ ಸಿಕ್ಕಿಲ್ಲ.

ಮೂರನೆಯದು ಐರ್ಲೆಂಡಿನ ಈಜುಗಾರ್ತಿ ಮಿಷೆಲ್ ಸ್ಮಿತ್ ಡಿ ಬ್ರೂಯಿನ್ ಅವರದು. 1998ರ ಜನವರಿಯಲ್ಲಿ ಅವರ ಮನೆಯಲ್ಲೇ ಪಡೆದ ಮಾದರಿಯಲ್ಲಿ, ಮನುಷ್ಯದೇಹದಿಂದ ಬರಲು ಸಾಧ್ಯವೇ ಇಲ್ಲದಷ್ಟು ಆಲ್ಕೊಹಾಲ್ ಇದೆಯೆಂದು ಬಾರ್ಸಿಲೋನಾದ ಪ್ರಯೋಗಾಲಯ ವರದಿ ಮಾಡಿತು. ಆಗ ಬಳಕೆಯಲ್ಲಿದ್ದ ವರ್ಸಾಪ್ಯಾಕ್ ಪೆಟ್ಟಿಗೆಯನ್ನು ಬೇರೆ ಯಾರಾದರೂ ತೆರೆದಿರಬಹುದೆಂಬುದು ಅವರ ಪರವಾದ ವಾದವಾಗಿತ್ತು. 1999ರ ಜೂನ್‌ನಲ್ಲಿ ಕ್ರೀಡಾ ನ್ಯಾಯಮಂಡಳಿ ಅದನ್ನು ತಳ್ಳಿಹಾಕಿ ನಾಲ್ಕು ವರ್ಷಗಳ ನಿಷೇಧವನ್ನು ಎತ್ತಿಹಿಡಿಯಿತು. ಮಾದರಿಯನ್ನು ತಾವೇ ಕೆಡಿಸಿದರೆಂಬ ಆರೋಪವನ್ನು ಅವರು ಯಾವತ್ತೂ ಒಪ್ಪಲಿಲ್ಲ. ಪಾತ್ರೆಯೇ ಸಾಕ್ಷಿಯ ಕಟಕಟೆ ಹತ್ತಿದ ದೊಡ್ಡ ಮೊಕದ್ದಮೆ ಇದು.

ಆಮೇಲೆ ಜಗತ್ತಿನೆಲ್ಲೆಡೆ ಹರಡಿದ್ದು ಸ್ವಿಟ್ಜರ್‌ಲೆಂಡಿನ ಗ್ಯಾಂಟರ್ಶ್‌ವಿಲ್ ಊರಿನ ಬರ್ಲಿಂಗರ್ ಕಂಪನಿ ತಯಾರಿಸಿದ ‘ಬೆರೆಗ್-ಕಿಟ್’. ಮೊದಲು ಜವಳಿ ಉದ್ಯಮದಲ್ಲಿದ್ದ ಕಂಪನಿ ಅದು. ದಪ್ಪ ಗಾಜಿನ ಬಾಟಲಿ, ಅದಕ್ಕೊಂದು ಪ್ಲಾಸ್ಟಿಕ್ ಮುಚ್ಚಳ, ಮುಚ್ಚಳದೊಳಗೆ ಹಲ್ಲಿರುವ ಉಂಗುರ. ಮುಚ್ಚಳ ಒಂದೇ ದಿಕ್ಕಿಗೆ, ಕಟ್ ಕಟ್ ಸದ್ದು ಮಾಡುತ್ತ ತಿರುಗುತ್ತದೆ. ಹಿಂದಕ್ಕೆ ತಿರುಗಿಸಲು ಹೋದರೆ ಹಲ್ಲುಗಳು ಕಚ್ಚಿಕೊಳ್ಳುತ್ತವೆ. ಪ್ರಯೋಗಾಲಯದವರು ಇದಕ್ಕೆಂದೇ ಮಾಡಿದ ಉಪಕರಣದಿಂದ ಮುಚ್ಚಳವನ್ನು ಒಡೆದು ತೆರೆಯುತ್ತಾರೆ, ಒಮ್ಮೆ ಒಡೆದ ಮುಚ್ಚಳ ಮತ್ತೆ ಬಳಕೆಗೆ ಬರುವುದಿಲ್ಲ. ‘ಎ’ಗೆ ಕಿತ್ತಳೆ ಬಣ್ಣದ ಗುರುತು, ‘ಬಿ’ಗೆ ನೀಲಿ. ಬಾಟಲಿಯ ಮೇಲೂ ಮುಚ್ಚಳದ ಮೇಲೂ ಒಂದೇ ಸಂಖ್ಯೆ ಕೆತ್ತಿರುತ್ತದೆ. ಕ್ರೀಡಾಪಟು ಹಲವು ಕಿಟ್‌ಗಳ ನಡುವಿನಿಂದ ತನಗೆ ಬೇಕಾದ್ದನ್ನು ಆರಿಸಿಕೊಂಡು, ಸಂಖ್ಯೆ ಸರಿನೋಡಿ, ಕನಿಷ್ಠ 90 ಮಿಲಿಲೀಟರ್ ಮೂತ್ರವನ್ನು ತಾನೇ ಎರಡು ಬಾಟಲಿಗೆ ಹಂಚಿ ಸುರಿದು, ತಾನೇ ಬಿಗಿದು, ಬುಡಮೇಲು ಮಾಡಿ ಸೋರುವುದಿಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು. ಅಧಿಕಾರಿ ಮೂತ್ರದ ಸಾಪೇಕ್ಷ ಸಾಂದ್ರತೆಯನ್ನು ಅಳೆದು ನಮೂನೆ ಕಾಗದದಲ್ಲಿ ಬರೆಯುತ್ತಾರೆ. ಮಾಮೂಲಿನಂತೆ ಬರೆದಿಡುವ ಈ ಒಂದು ಅಂಕಿಯೇ ಮುಂದೆ ಸೋಚಿಯ ಮೋಸಗಾರರಿಗೆ ಅಡ್ಡಬಂತು.

ಸೋಚಿಯ ಸಂಗತಿ ಹೊರಜಗತ್ತಿಗೆ ತಿಳಿದದ್ದು 2016ರ ಮೇ ತಿಂಗಳಲ್ಲಿ, ಮಾಸ್ಕೊ ಪ್ರಯೋಗಾಲಯದ ಮಾಜಿ ನಿರ್ದೇಶಕ ಗ್ರಿಗೊರಿ ರಾಡ್ಚೆಂಕೊವ್ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಗೆ ಹೇಳಿಕೆ ಕೊಟ್ಟಾಗ. ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ (ವಾಡಾ) ನೇಮಿಸಿದ ಕೆನಡಾದ ಕಾನೂನು ಪ್ರಾಧ್ಯಾಪಕ ರಿಚರ್ಡ್ ಮೆಕ್ಲಾರೆನ್ ಆ ವರ್ಷದ ಜುಲೈ ಮತ್ತು ಡಿಸೆಂಬರ್‌ನಲ್ಲಿ ಎರಡು ಕಂತಿನ ವರದಿ ಕೊಟ್ಟರು. ಅದರ ಪ್ರಕಾರ ಸೋಚಿ ಪ್ರಯೋಗಾಲಯದಲ್ಲಿ ಮಾದರಿಗಳನ್ನು ಹಂಚುವ ಕೋಣೆಗೂ ಪಕ್ಕದ ಕೋಣೆಗೂ ನಡುವಿನ ಗೋಡೆಯಲ್ಲಿ ಒಂದು ಸಣ್ಣ ಕಂಡಿ ಇತ್ತು. ರಾತ್ರಿ ಹೊತ್ತು ಆ ಕಂಡಿಯಿಂದ ದಾಟಿಸಿದ ಬಾಟಲಿಗಳು ರಷ್ಯಾದ ಬೇಹುಗಾರಿಕೆ ಸಂಸ್ಥೆ ಎಫ್‌ಎಸ್‌ಬಿಯವರ ಕೈ ಸೇರಿ, ಮುಚ್ಚಳ ತೆರೆದುಕೊಂಡು ಹಿಂದಿರುಗುತ್ತಿದ್ದವು. ತಿಂಗಳುಗಳ ಮುಂಚೆ ಕ್ರೀಡಾಪಟುಗಳಿಂದ ಪಡೆದು ಹೆಪ್ಪುಗಟ್ಟಿಸಿ ಇಟ್ಟಿದ್ದ ಶುದ್ಧ ಮೂತ್ರವನ್ನು ಅವುಗಳಿಗೆ ತುಂಬುತ್ತಿದ್ದರು. ಕಾಗದದಲ್ಲಿ ಬರೆದ ಸಾಂದ್ರತೆಗೂ ಬಾಟಲಿಯಲ್ಲಿನ ಮೂತ್ರಕ್ಕೂ ತಾಳೆಯಾಗಬೇಕಲ್ಲ? ಅದಕ್ಕಾಗಿ ಉಪ್ಪು ಅಥವಾ ನೀರು ಬೆರೆಸುತ್ತಿದ್ದರು, ಬಣ್ಣಕ್ಕೆ ಕಾಫಿ ಪುಡಿ.

ಮೋಸ ಸಾಬೀತಾಗಲು ನೆರವಾದದ್ದೂ ಆ ಉಪ್ಪೇ. ಕೆಲವು ಮಾದರಿಗಳಲ್ಲಿ ಸೋಡಿಯಂ ಪ್ರಮಾಣ ಮನುಷ್ಯನ ಮೂತ್ರದಲ್ಲಿ ಇರಲಾರದಷ್ಟಿತ್ತು. ಇಬ್ಬರು ಮಹಿಳಾ ಐಸ್ ಹಾಕಿ ಆಟಗಾರ್ತಿಯರ ಬಾಟಲಿಯಲ್ಲಿ ಗಂಡಿನ ಡಿಎನ್‌ಎ ಸಿಕ್ಕಿತು. ಮುಚ್ಚಳದ ಒಳಮೈಯನ್ನು ಸೂಕ್ಷ್ಮದರ್ಶಕದಡಿ ನೋಡಿದಾಗ ಉಪಕರಣ ತೂರಿಸಿದ ಗೀರುಗಳು ಕಂಡವು. ಮೆಕ್ಲಾರೆನ್ ಕರೆಸಿದ ತಜ್ಞರು ತಮ್ಮದೇ ಉಪಕರಣದಿಂದ ಬಾಟಲಿಯನ್ನು ತೆರೆದು ಮತ್ತೆ ಮುಚ್ಚಿ ತೋರಿಸಿದರು. ಬರಿಗಣ್ಣಿಗೆ ಯಾವ ಗುರುತೂ ಕಾಣಲಿಲ್ಲ. ಇಲ್ಲಿ ಗಮನಿಸಬೇಕಾದದ್ದು, ಸೀಲು ಪೂರ್ತಿ ಸೋಲಲಿಲ್ಲ ಎಂಬುದು. ಒಡೆದ ಗುರುತನ್ನು ಅದು ಉಳಿಸಿಕೊಂಡೇ ಇತ್ತು. ಆ ಗುರುತು ಮಾದರಿ ಸ್ವೀಕರಿಸುವವರ ಕಣ್ಣಿಗೆ ಬೀಳುವಷ್ಟು ದೊಡ್ಡದಿರಲಿಲ್ಲ, ಸೂಕ್ಷ್ಮದರ್ಶಕ ಹಿಡಿದು ಹುಡುಕುವ ಪದ್ಧತಿ ಆಗ ಯಾವ ಪ್ರಯೋಗಾಲಯದ ದಿನಚರಿಯಲ್ಲೂ ಇರಲಿಲ್ಲ.

ಗೀರು ಏನನ್ನು ಸಾಬೀತುಪಡಿಸುತ್ತದೆ ಎಂಬುದು ಮುಂದಿನ ವಿವಾದವಾಯಿತು. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಕೋರಿಕೆಯಂತೆ ಲೌಸಾನ್ ವಿಶ್ವವಿದ್ಯಾಲಯದ ನ್ಯಾಯವಿಜ್ಞಾನಿಗಳು ಮುಚ್ಚಳಗಳನ್ನು ಪರಿಶೀಲಿಸಿದರು. ಬಾಟಲಿಯನ್ನು ಮುಚ್ಚುವಾಗಲೇ ಕೆಲವು ಗುರುತು ಬೀಳಬಹುದಾದ್ದರಿಂದ ಒಂದೆರಡು ಗೀರು ಸಾಲದು, ಹಲವು ಗೀರುಗಳು ಒಟ್ಟಿಗಿದ್ದರೆ ಮಾತ್ರ ಅರ್ಥವಿದೆ ಎಂಬ ಎಚ್ಚರ ಅವರ ಕೆಲಸದಲ್ಲಿತ್ತು. ಸಮಿತಿಯ ಆಸ್ವಾಲ್ಡ್ ಆಯೋಗ 43 ರಷ್ಯನ್ ಕ್ರೀಡಾಪಟುಗಳನ್ನು ಶಿಕ್ಷಿಸಿತು. 2018ರ ಫೆಬ್ರುವರಿ 1ರಂದು ಕ್ರೀಡಾ ನ್ಯಾಯಮಂಡಳಿ 39 ಮೇಲ್ಮನವಿಗಳನ್ನು ಇತ್ಯರ್ಥಪಡಿಸಿ, 28 ಜನರ ವಿಷಯದಲ್ಲಿ ಆಧಾರ ಸಾಲದೆಂದು ಶಿಕ್ಷೆಯನ್ನು ರದ್ದು ಮಾಡಿತು, 11 ಜನರ ತಪ್ಪನ್ನು ಎತ್ತಿಹಿಡಿಯಿತು. ಆ 28 ಜನ ನಿರಪರಾಧಿಗಳೆಂದು ಇದರ ಅರ್ಥವಲ್ಲ ಎಂದು ಮಂಡಳಿಯ ಪ್ರಧಾನ ಕಾರ್ಯದರ್ಶಿ ಅಂದೇ ಸ್ಪಷ್ಟಪಡಿಸಿದರು. ಬಾಟಲಿಗೆ ಬೇರೆ ಕೈ ತಾಗಿದೆ ಎಂಬುದಕ್ಕೂ, ಆ ಬಾಟಲಿಯ ಒಡೆಯನಿಗೆ ಅದು ಗೊತ್ತಿತ್ತು ಎಂಬುದಕ್ಕೂ ನಡುವೆ ಇರುವ ಅಂತರವನ್ನು ಯಾವ ಸೀಲೂ ತುಂಬಲಾರದು. ತೀರ್ಪನ್ನು ‘ಕ್ಲೀನ್ ಚಿಟ್’ ಎಂದೋ ‘ಅನ್ಯಾಯ’ ಎಂದೋ ಒಂದೇ ಪದದಲ್ಲಿ ಮುಗಿಸುವ ಬರಹಗಳು ಈ ಅಂತರವನ್ನು ಕಾಣಿಸುವುದೇ ಇಲ್ಲ.

ಇದೇ ದಿನಗಳಲ್ಲಿ ಎರಡನೆಯ ಘಟನೆ ನಡೆಯಿತು. ಸೋಚಿಯ ಅನುಭವದ ನಂತರ ಬರ್ಲಿಂಗರ್ 2017ರ ಸೆಪ್ಟೆಂಬರ್‌ನಲ್ಲಿ ‘ಬೆರೆಗ್-ಕಿಟ್ ಜಿನೀವಾ’ ಎಂಬ ಹೊಸ ನಮೂನೆ ತಂದಿತ್ತು. 2018ರ ಜನವರಿ 19ರಂದು ಜರ್ಮನಿಯ ಕಲೋನ್ ಪ್ರಯೋಗಾಲಯ ವಾಡಾಗೆ ಒಂದು ಆತಂಕದ ಸುದ್ದಿ ಮುಟ್ಟಿಸಿತು: ಹೆಪ್ಪುಗಟ್ಟಿಸಿದಾಗ ಈ ಹೊಸ ಬಾಟಲಿಗಳ ಮುಚ್ಚಳವನ್ನು ಕೈಯಿಂದಲೇ ತೆರೆಯಲು ಬರಬಹುದು. ಮಾದರಿಗಳನ್ನು ಕಾದಿರಿಸುವುದೇ ಹೆಪ್ಪುಗಟ್ಟಿಸಿ ಆದ್ದರಿಂದ ಇದು ಸಣ್ಣ ಕೊರತೆಯಲ್ಲ. ಇಲ್ಲಿ ಗೂಢಚಾರರಿಲ್ಲ, ಗೋಡೆಯ ಕಂಡಿಯಿಲ್ಲ. ಪಿಯಾಂಗ್‌ಚಾಂಗ್ ಚಳಿಗಾಲದ ಒಲಿಂಪಿಕ್ಸ್ ಫೆಬ್ರುವರಿ 9ಕ್ಕೆ ಶುರುವಾಗಬೇಕಿತ್ತು. ಅಲ್ಲಿ 2016ರ ಹಳೆಯ ನಮೂನೆಯನ್ನೇ ಬಳಸಲು ವಾಡಾ ಸೂಚಿಸಿತು. ಕಂಪನಿ ಜಿನೀವಾ ನಮೂನೆಯ ತಯಾರಿಕೆ ನಿಲ್ಲಿಸಿ, ಕೆಲವೇ ವಾರಗಳಲ್ಲಿ ಈ ವ್ಯವಹಾರದಿಂದಲೇ ಹಿಂದೆ ಸರಿಯುವುದಾಗಿ ಹೇಳಿತು. ಬಹುಮಟ್ಟಿಗೆ ಒಬ್ಬನೇ ತಯಾರಕನನ್ನು ನೆಚ್ಚಿಕೊಂಡಿದ್ದ ವ್ಯವಸ್ಥೆಗೆ ಇದು ದೊಡ್ಡ ಪೆಟ್ಟು. ವರ್ಸಾಪ್ಯಾಕ್, ಲಾಕ್‌ಕಾನ್, ಇನೊವೆರೊ ಮುಂತಾದವರ ಕಿಟ್‌ಗಳು ಬಳಕೆಗೆ ಬಂದವು. ತಯಾರಕರ ಮಾತನ್ನಷ್ಟೇ ನಂಬದೆ ಸ್ವತಂತ್ರ ಸಂಸ್ಥೆಯಿಂದ ಸೀಲನ್ನು ಪರೀಕ್ಷಿಸಿ ನೋಡುವ ವಿಚಾರಕ್ಕೆ ವಾಡಾ ಮಾನದಂಡಗಳಲ್ಲಿ ಒತ್ತು ಬಂತು.

ಬಾಟಲಿ ಎಷ್ಟು ದೂರ, ಎಷ್ಟು ಕಾಲ ಬಾಳಬೇಕು ಎಂಬ ಪ್ರಶ್ನೆಯೂ ಈ ಅವಧಿಯಲ್ಲಿ ದೊಡ್ಡದಾಯಿತು. ವಾಡಾದ 2015ರ ಸಂಹಿತೆಯಿಂದ ಮಾದರಿಗಳನ್ನು ಹತ್ತು ವರ್ಷದವರೆಗೆ ಮರುಪರೀಕ್ಷಿಸಲು ಅವಕಾಶವಾಯಿತು. ಬೀಜಿಂಗ್ ಮತ್ತು ಲಂಡನ್ ಒಲಿಂಪಿಕ್ಸ್‌ಗಳ ಹಳೆಯ ಬಾಟಲಿಗಳಿಂದ ನೂರಕ್ಕೂ ಹೆಚ್ಚು ಹೊಸ ಪ್ರಕರಣಗಳು ಹೊರಬಂದವು. 2019ರ ಆಗಸ್ಟ್‌ನಲ್ಲಿ ವಾಡಾ ದೆಹಲಿಯ ರಾಷ್ಟ್ರೀಯ ಉದ್ದೀಪನ ಮದ್ದು ಪರೀಕ್ಷಾ ಪ್ರಯೋಗಾಲಯದ ಮಾನ್ಯತೆಯನ್ನು ಅಮಾನತು ಮಾಡಿದಾಗ ಭಾರತೀಯ ಕ್ರೀಡಾಪಟುಗಳ ಮಾದರಿಗಳು ವಿದೇಶದ ಪ್ರಯೋಗಾಲಯಗಳಿಗೆ ಹೋಗಬೇಕಾಯಿತು. 2021ರ ಡಿಸೆಂಬರ್‌ನಲ್ಲಿ ಮಾನ್ಯತೆ ಮರಳುವವರೆಗೆ ಬೆಂಗಳೂರಿನ ಶಿಬಿರದಲ್ಲಿ ಮುಚ್ಚಿದ ಬಾಟಲಿಗೂ ಅದೇ ದಾರಿ.

ರಕ್ತದ ಮಾದರಿಯ ಪೆಟ್ಟಿಗೆ ಸುದ್ದಿಯಾದದ್ದು 2018ರ ಸೆಪ್ಟೆಂಬರ್‌ನಲ್ಲಿ. ಚೀನಾದ ಈಜುಗಾರ ಸುನ್ ಯಾಂಗ್ ಅವರ ಮನೆಯಲ್ಲಿ ಮಾದರಿ ಪಡೆಯಲು ಬಂದವರ ಅಧಿಕಾರದ ಬಗ್ಗೆ ತಕರಾರು ಎದ್ದು, ರಕ್ತದ ಕೊಳವೆಯಿದ್ದ ಗಾಜಿನ ಪೆಟ್ಟಿಗೆಯನ್ನು ಕಾವಲುಗಾರನೊಬ್ಬ ಸುತ್ತಿಗೆಯಿಂದ ಒಡೆದ. ಇದಕ್ಕಾಗಿ 2020ರಲ್ಲಿ ಸುನ್ ಅವರ ಮೇಲೆ ಹೇರಿದ ಎಂಟು ವರ್ಷಗಳ ನಿಷೇಧವನ್ನು ಸ್ವಿಸ್ ಸರ್ವೋಚ್ಚ ನ್ಯಾಯಾಲಯ ರದ್ದುಗೊಳಿಸಿತು. 2021ರ ಮರುವಿಚಾರಣೆಯಲ್ಲಿ ಅದು ನಾಲ್ಕು ವರ್ಷ ಮೂರು ತಿಂಗಳಾಯಿತು. ಅದೇ ವರ್ಷದ ಸೆಪ್ಟೆಂಬರ್‌ನಿಂದ ವಾಡಾ ಒಣಗಿದ ರಕ್ತದ ಬೊಟ್ಟಿನ ಪರೀಕ್ಷೆಗೆ ಒಪ್ಪಿಗೆ ಕೊಟ್ಟಿದೆ. ಹೀರುಕಾಗದದ ಮೇಲೆ ಒಣಗಿಸಿದ ಕೆಲವೇ ಹನಿಗಳನ್ನು ಸಾಗಿಸುವುದು ಸುಲಭ, ಖರ್ಚೂ ಕಡಿಮೆ. ಆದರೂ ಎಲ್ಲ ಮದ್ದುಗಳನ್ನೂ ಅದರಿಂದ ಪತ್ತೆಮಾಡಲು ಬರುವುದಿಲ್ಲವಾದ್ದರಿಂದ ಮೂತ್ರದ ಎರಡು ಬಾಟಲಿಗಳು ಬಳಕೆಯಲ್ಲೇ ಇವೆ. ಆ ಕಾಗದಕ್ಕೂ ‘ಎ’ ಮತ್ತು ‘ಬಿ’ ಎಂಬ ಎರಡು ಪಾಲು, ಸಂಖ್ಯೆ ಹಾಕಿದ ಸೀಲು ಕಡ್ಡಾಯ.