ಸಿಂಗಾಪುರದ ನ್ಯಾಷನಲ್ ಸ್ಟೇಡಿಯಂ: ಖಾಸಗಿ ಕೈಯಿಂದ ಸರ್ಕಾರಕ್ಕೆ

ಸಿಂಗಾಪುರದ ಕಲ್ಲಾಂಗ್‌ನಲ್ಲಿ 1973ರ ಹಳೇ ಸ್ಟೇಡಿಯಂ ಕೆಡವಿದ ಜಾಗದಲ್ಲೇ ಕಟ್ಟಿದ ಹೊಸ ನ್ಯಾಷನಲ್ ಸ್ಟೇಡಿಯಂ 2014ರ ಜೂನ್ 30ರಂದು ಆರಂಭವಾಯಿತು. 55,000 ಸೀಟು, 310 ಮೀಟರ್ ಅಗಲದ ಗುಮ್ಮಟ. ಮಳೆ ಬಂದರೆ ಚಾವಣಿ ಮುಚ್ಚುತ್ತೆ. ಕೆಳಹಂತದ ಸೀಟುಗಳನ್ನು ಸರಿಸಿದರೆ ಫುಟ್‌ಬಾಲ್, ರಗ್ಬಿ, ಕ್ರಿಕೆಟ್, ಅಥ್ಲೆಟಿಕ್ಸ್ ನಾಲ್ಕಕ್ಕೂ ಮೈದಾನ ಸಿದ್ಧ.

ಇಡೀ ಸ್ಪೋರ್ಟ್ಸ್ ಹಬ್‌ಗೆ ತಗುಲಿದ್ದು 133 ಕೋಟಿ ಸಿಂಗಾಪುರ ಡಾಲರ್. ಕಟ್ಟಿ, 25 ವರ್ಷ ನಡೆಸಲು ಖಾಸಗಿಯವರ ಜೊತೆ ಒಪ್ಪಂದವಿತ್ತು. ಅವಧಿ ಮುಗಿಯುವ ಮುಂಚೆಯೇ, 2022ರ ಡಿಸೆಂಬರ್ 9ರಂದು ಸರ್ಕಾರ ಅದನ್ನು ವಹಿಸಿಕೊಂಡಿತು. ಶಾಲಾ ಕ್ರೀಡಾಕೂಟಗಳಿಗೆ, ಜನಸಾಮಾನ್ಯರಿಗೆ ಮೈದಾನ ಹೆಚ್ಚು ಸಿಗಬೇಕು ಅನ್ನೋದು ಉದ್ದೇಶ.

ಇಲ್ಲಿ ದುಡಿಯುವ ನಮ್ಮವರಿಗೂ ಉಪಯೋಗವಿದೆ. ಸರ್ಕಲ್ ಲೈನ್ ರೈಲಿನಲ್ಲಿ ಸ್ಟೇಡಿಯಂ ಸ್ಟೇಷನ್‌ಗೆ ಇಳಿದರೆ ಸಾಕು. ಹೊರಸುತ್ತಿನ ನೆರಳಿನ ಹಾದಿಯಲ್ಲಿ ನಡೆಯಲು, ಓಡಲು ಟಿಕೆಟ್ ಬೇಕಿಲ್ಲ.